ಪೆಟ್ಟಿಗೆಯೊಳಗಿನ ಉಣ್ಣೆ

ಬೀದಿಯವರಿಗೆಲ್ಲ ಅವನು ಕಿವಿಯಣ್ಣ. ಸ್ಪೀಕರ್ ಪೆಟ್ಟಿಗೆ ಮಾಡುವುದು ಅವನ ಕಸುಬು. ಅಳತೆಯ ಯಂತ್ರ ಗಿಂತ್ರ ಅವನಿಗೆ ಆಗಿಬರದು. ಪೆಟ್ಟಿಗೆಯೊಳಗೆ ಹಿಡಿಹಿಡಿಯಾಗಿ ಉಣ್ಣೆ ತುಂಬುವುದು, ಹಾಡು ಹಚ್ಚಿ ಕೇಳುವುದು, ಅಷ್ಟೇ. ಉಣ್ಣೆ ಕಡಿಮೆಯಾದರೆ ದನಿ ಒಳಗೋಡೆಗೆ ಬಡಿದು ಗುಂಯ್‌ಗುಡುತ್ತದೆ. ಹೆಚ್ಚಾದರೆ ಕಂಬಳಿ ಹೊದ್ದು ಮಾತಾಡಿದ ಹಾಗೆ ಮಂಕಾಗುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ಅವನ ಕಿವಿ ಹೇಳುತ್ತಿತ್ತು. ಆ ಜಂಬವೂ ಅವನಿಗೆ ಏನು ಕಡಿಮೆಯಿರಲಿಲ್ಲ ಬಿಡಿ.

ಮನೆಯಲ್ಲಿ ಮಾತ್ರ ಒಂದು ಕಿರಿಕಿರಿ. ಹೆಂಡತಿ ಇತ್ತೀಚೆಗೆ ಬಾಯಿಬಿಟ್ಟು ಮಾತಾಡುವುದಿಲ್ಲ, ಬರೀ ಗೊಣಗುತ್ತಾಳೆ. ಏನೋ ಮುನಿಸಿರಬೇಕೆಂದು ಇವನೂ ಮುಖ ಊದಿಸಿಕೊಂಡು ಮಾತು ಬಿಟ್ಟಿದ್ದ.

ಅಂಥದ್ದರಲ್ಲಿ ಒಬ್ಬ ಗಿರಾಕಿ ಪೆಟ್ಟಿಗೆಯನ್ನು ವಾಪಸು ತಂದು ಮೇಜಿನ ಮೇಲಿಟ್ಟ. "ಅಣ್ಣಾ, ಖಾಲಿ ಪೀಪಾಯಿಯೊಳಗೆ ಕೂತು ಹಾಡಿದ ಹಾಗಿದೆ. ತಲೆನೋವು ಬರುತ್ತೆ."

ಕಿವಿಯಣ್ಣನಿಗೆ ಸಿಟ್ಟು ನೆತ್ತಿಗೇರಿತು. ಗಿರಾಕಿ ಹೋದದ್ದೇ ತಡ, ಹಾಡು ಹಚ್ಚಿದ. ಕಂಚಿನ ತಾಳದ ಸದ್ದೇ ಇಲ್ಲ, ಎಲ್ಲ ಮಂಕು! ಉಣ್ಣೆ ಹೆಚ್ಚಾಗಿದೆ, ಈ ಮಹಾಶಯ ತಿರುಗುಮುರುಗು ಹೇಳುತ್ತಾನೆ ಎಂದು ಬೈದುಕೊಳ್ಳುತ್ತ, ಹಾಡು ನಿಲ್ಲಿಸದೆಯೇ ಹಿಂದಿನ ಹಲಗೆ ಬಿಚ್ಚಿ ಒಳಗೆ ಕೈ ಹಾಕಿದ. ಬರೀ ಮರ ಸಿಕ್ಕಿತು. ಮಂಕು, ಮಂಕು ಎಂದು ಹೋದ ತಿಂಗಳು ಉಣ್ಣೆ ಕಿತ್ತು ಮೂಲೆಗೆಸೆದವನು ತಾನೇ. ಕೀಳುತ್ತ ಕೀಳುತ್ತ ಎಲ್ಲವನ್ನೂ ಕಿತ್ತಿದ್ದು ಲಕ್ಷ್ಯಕ್ಕೇ ಬಂದಿರಲಿಲ್ಲ.

ಖಾಲಿ ಪೆಟ್ಟಿಗೆ ಗುಂಯ್‌ಗುಡಬಹುದು, ಹೀಗೆ ಮಂಕಾಗುವುದೆಂತು? ಒಳಮನೆಯತ್ತ ತಿರುಗಿ ಹೆಂಡತಿಯನ್ನು ಕೂಗಿದ.

"ಇಲ್ಲಿ ಬಾರೇ! ಈ ಹಾಡಲ್ಲಿ ತಾಳ ಕೇಳಿಸ್ತಿದೆಯಾ?"

ಹೆಂಡತಿ ಬಾಗಿಲಲ್ಲಿ ನಿಂತು ಏನೋ ಅಂದಳು. ತುಟಿ ಆಡಿದ್ದಷ್ಟೇ ಕಂಡಿತು. ಅವಳು ಹತ್ತಿರ ಬಂದು ಕೂಗಿದಳು: "ಕೇಳಿಸದೆ ಏನ್ರೀ? ಝಣಝಣ ಅಂತಿದೆ. ಆ ಗುಂಯ್ ಅನ್ನೋದನ್ನ ಮೊದಲು ನಿಲ್ಸಿ!"

ನಿಲ್ಲಿಸಿದ. ಮಂಕಾದದ್ದು ಪೆಟ್ಟಿಗೆಯಲ್ಲ, ತನ್ನ ಕಿವಿ. ಅನ್ನ ಕೊಟ್ಟ ಕಿವಿ. ಅದರ ಬೆನ್ನಿಗೇ ಇನ್ನೊಂದು ಹೊಳೆಯಿತು.

"ಹಾಗಾದ್ರೆ ನೀನು... ಇಷ್ಟು ದಿನ ಗೊಣಗ್ತಾ ಇರಲಿಲ್ವಾ?"

"ನಾನ್ಯಾಕೆ ಗೊಣಗಲಿ? ಎಷ್ಟು ಕರೆದರೂ ನೀವೇ ತಿರುಗಿ ನೋಡ್ತಿರಲಿಲ್ಲ." ಅವಳ ಕಣ್ಣು ತುಂಬಿ ದನಿ ತಗ್ಗಿತು. "ಏನು ತಪ್ಪು ಮಾಡಿದೆನೋ ಅಂತ ಒಬ್ಬಳೇ ಅಳ್ತಿದ್ದೆ."

ಕಿವಿಯಣ್ಣ ಮೂಲೆಯ ಉಣ್ಣೆಯ ರಾಶಿಯ ಮೇಲೆ ಕುಸಿದ. ಕೊನೆಯ ಮಾತು ಅವನಿಗೆ ಕೇಳಿಸಿರಲಿಲ್ಲ.

"ಇನ್ನೊಂದ್ಸಲ ಹೇಳೇ," ಎಂದ.

ಅವಳು ಎದುರಿಗೆ ಬಂದು ಕೂತು, ತುಟಿ ಕಾಣುವ ಹಾಗೆ, ಇನ್ನೊಮ್ಮೆ ಹೇಳಿದಳು.