ಕಳಚದ ಕೊಂಬು

ಆ ಭಾನುವಾರ ಬೆಳಿಗ್ಗೆ ಜೊಹರಕ್ಕನಿಗೂ ನನಗೂ ಜಗಳವಾದದ್ದು ಒಣ ಸಿಗಡಿ ಚಟ್ನಿ ಡಬ್ಬಿಯ ಮುಚ್ಚಳದ ವಿಷಯಕ್ಕೆ. ಮುಚ್ಚಳ ಸಡಿಲ, ಗಾಡಿಯೆಲ್ಲ ವಾಸನೆಯಾಗುತ್ತದೆ ಎಂದು ನಾನು. ವಾಸನೆ ಬಾರದಿದ್ದರೆ ಅದು ಸಿಗಡಿಯೇ ಅಲ್ಲ ಎಂದು ಅವಳು. ಅವಳ ಗಂಡ ಮೋನಿಚ್ಚ ಕೆಳಗೆ ಪಿಕಪ್ ಸ್ಟಾರ್ಟ್ ಮಾಡಿಕೊಂಡು ಹಾರ್ನ್ ಹೊಡೆಯುತ್ತಿದ್ದರು. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹಿಂದಿನ ನಮ್ಮ ಶೇರಿಂಗ್ ಫ್ಲಾಟಿನಲ್ಲಿ ಎರಡು ಸಂಸಾರಕ್ಕೆ ಒಂದೇ ಅಡುಗೆಮನೆ. ಹಾಗಾಗಿ ಇಂಥ ಜಗಳಗಳಿಗೆ ಬರವಿರಲಿಲ್ಲ. ಕೊನೆಗೆ ಡಬ್ಬಿಗೆ ರಬ್ಬರ್ ಬ್ಯಾಂಡ್ ಬಿಗಿದು ನಾವಿಬ್ಬರೂ ಕೊಂಬು ಹುಡುಕಲು ಹೊರಟೆವು.

ಕೊಂಬು ಎಂದರೆ ಜಿಂಕೆಯದು. ಮರಳುಗಾಡಿನಲ್ಲಿ ಜಿಂಕೆಯ ಕೊಂಬು ಹುಡುಕುವ ಹೆಂಗಸರನ್ನು ನೀವು ಕಂಡಿರಲಿಕ್ಕಿಲ್ಲ. ನಮ್ಮಿಬ್ಬರನ್ನು ಬಿಟ್ಟರೆ ನನಗೂ ಯಾರೂ ಗೊತ್ತಿಲ್ಲ.

ಇದಕ್ಕೆಲ್ಲ ಕಾರಣ ಜೊಹರಕ್ಕನ ಮೊಣಕಾಲು. ಛಳಿ ಶುರುವಾಯಿತೆಂದರೆ ಅದು ಬಾತುಕೊಳ್ಳುತ್ತಿತ್ತು. ಕ್ಲಿನಿಕ್ಕಿನವರು ಕೊಟ್ಟ ಟ್ಯೂಬಿನ ಮುಲಾಮನ್ನು ಅವಳು ಹಚ್ಚುತ್ತಿದ್ದಳು, ನಂಬುತ್ತಿರಲಿಲ್ಲ. ನಂಬಿಕೆ ಇದ್ದದ್ದು ಕಡವೆ ಕೊಂಬಿನ ಮೇಲೆ. ನಮ್ಮ ದಕ್ಷಿಣ ಕನ್ನಡದ ಹಳೆಯ ಮನೆಗಳಲ್ಲಿ, ಅದು ಬ್ಯಾರಿಗಳ ಮನೆಯಾಗಲಿ ನಮ್ಮಂಥವರ ಮನೆಯಾಗಲಿ, ಅಟ್ಟದ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟ ಕೊಂಬಿನ ತುಂಡೊಂದು ಇರುತ್ತಿತ್ತು. ಯಾರಿಗಾದರೂ ಬಾವು ಬಂದರೆ ಅದನ್ನು ಒದ್ದೆ ಕಲ್ಲಿನ ಮೇಲೆ ತೇಯ್ದು ಹಚ್ಚುವುದು. ನನ್ನ ಅಜ್ಜಿಯ ತುಂಡು ತೇಯ್ದು ತೇಯ್ದು ಮುಗಿಯಲು ಬಂದ ಸೋಪಿನ ಹಾಗಾಗಿತ್ತು. ಕಡವೆ ವರ್ಷಕ್ಕೊಮ್ಮೆ ತಾನೇ ಕೊಂಬು ಕಳಚಿ ಹೋಗುತ್ತದೆ, ಸೌದೆಗೆ ಹೋದವರು ಹೆಕ್ಕಿ ತರುತ್ತಾರೆ ಎಂದು ಅಜ್ಜಿ ಹೇಳುತ್ತಿದ್ದಳು. ಈಗ ಊರಲ್ಲಿ ಅದನ್ನು ಇಟ್ಟುಕೊಂಡರೆ ಅರಣ್ಯ ಇಲಾಖೆಯವರು ಮನೆಗೆ ಬರುತ್ತಾರೆ.

ಇಲ್ಲಿ ಅಬುಧಾಬಿಯ ಹೊರಗೆ ನೆಟ್ಟು ಬೆಳೆಸಿದ ಕಾಡುಗಳಿವೆ. ಮರಳಿನಲ್ಲಿ ಗಾಫ್ ಮರಗಳು ಶಾಲೆಯ ಮಕ್ಕಳ ಹಾಗೆ ಸಾಲು ಹಿಡಿದು ನಿಂತಿರುತ್ತವೆ. ಪ್ರತಿ ಬುಡಕ್ಕೂ ಒಂದು ಸಣ್ಣ ಪೈಪಿನಿಂದ ನೀರು ತೊಟ್ಟಿಕ್ಕುತ್ತದೆ. ಅಂಥದೊಂದು ಕಾಡಿನ ಪೈಪುಗಳನ್ನು ನೋಡಿಕೊಳ್ಳುವುದು ಮೋನಿಚ್ಚನ ಕೆಲಸ. ಬೇಲಿಯೊಳಗೆ ಜಿಂಕೆಗಳು ಓಡಾಡುತ್ತವೆ ಎಂದು ಅವರು ಊಟಕ್ಕೆ ಕುಳಿತಾಗ ಹೇಳಿದ್ದೇ ತಪ್ಪಾಯಿತು. ಜೊಹರಕ್ಕ ತುತ್ತನ್ನು ಅಲ್ಲೇ ನಿಲ್ಲಿಸಿ ನನ್ನ ಮುಖ ನೋಡಿದಳು. ಮೋನಿಚ್ಚ ತಮ್ಮ ಮುದೀರನ, ಅಂದರೆ ಮ್ಯಾನೇಜರನ, ಒಪ್ಪಿಗೆ ಕೇಳಿ ಬಂದರು. "ಎರಡು ಹೆಂಗಸರು ಮರ ನೋಡಲಿಕ್ಕೆ ಬರ್ತಾರೆ ಅಂದೆ. ಕೊಂಬು ಅಂತ ಹೇಳಿದ್ದರೆ ನನ್ನನ್ನೇ ಆಸ್ಪತ್ರೆಗೆ ಕಳಿಸುತ್ತಿದ್ದ."

ಹಾಗೆ ಛಳಿ ಮುಗಿಯುವ ಹೊತ್ತಿನ ಭಾನುವಾರಗಳಲ್ಲಿ ನಾವು ಹೋಗತೊಡಗಿದೆವು. ಅವಳಿಗೊಂದು ಸಾಲು, ನನಗೆ ಅದರ ಪಕ್ಕದ್ದು. ಇಬ್ಬರೂ ನೆಲ ನೋಡಿಕೊಂಡು, ಮರಗಳ ಸಂದಿಯಿಂದ ಮಾತಾಡಿಕೊಂಡು ನಡೆಯುವುದು. ಮುಖ ನೋಡದೆ ಆಡುವ ಮಾತಿಗೆ ಒಂದು ಸಲಿಗೆ ಇರುತ್ತದೆ. ಅಡುಗೆಮನೆಯಲ್ಲಿ ಎದುರೆದುರು ನಿಂತು ಹೇಳಲಾಗದ್ದನ್ನು ಅಲ್ಲಿ ಹೇಳಿಕೊಂಡಿದ್ದೇವೆ. ಮಕ್ಕಳಿಲ್ಲದ ದುಃಖವನ್ನು ಅವಳು ನನಗೆ ಒಮ್ಮೆ ಹೇಳಿದ್ದು ಹಾಗೆ, ಒಂದು ಹಿಕ್ಕೆಯ ರಾಶಿಯನ್ನು ಕಡ್ಡಿಯಿಂದ ಕೆದಕುತ್ತ.

ಎರಡು ಛಳಿಗಾಲ ಹುಡುಕಿದರೂ ಕೊಂಬು ಸಿಗಲಿಲ್ಲ. ಆಗ ನನ್ನ ಮಗಳು ದಿಶಾ ಮೊಬೈಲಿನಿಂದ ತಲೆ ಎತ್ತದೆ, "ಅಮ್ಮಾ, ಗಸೆಲ್ಸ್ ಡೋಂಟ್ ಶೆಡ್" ಅಂದಳು. ಬಿಡಿಸಿ ಹೇಳು ಎಂದ ಮೇಲೆ ವಿಷಯ ತಿಳಿಯಿತು. ಕೊಂಬು ಕಳಚುವುದು ಕಡವೆ, ಚುಕ್ಕಿ ಜಿಂಕೆಗಳ ಕುಲ. ಅವುಗಳದು ಬರೀ ಎಲುಬು. ಬೀಳುತ್ತದೆ, ಮತ್ತೆ ಬರುತ್ತದೆ. ಇಲ್ಲಿಯ ಮರಳುಗಾಡಿನ ಪ್ರಾಣಿ ಬೇರೆಯೇ ಕುಲ, ಆಡಿಗೆ ಹತ್ತಿರದ್ದು. ಅದರ ಕೊಂಬು ಜನ್ಮಕ್ಕೆ ಒಂದೇ ಜೊತೆ. ಬೀಳುವುದಿಲ್ಲ, ಮುರಿದರೆ ಮತ್ತೆ ಬರುವುದೂ ಇಲ್ಲ. ನಾನು ಓದಿದ್ದು ಪಿಯುಸಿವರೆಗೆ, ಅದೂ ಕಾಮರ್ಸ್. ಎರಡು ವರ್ಷ ನಾವು ತೆಂಗಿನ ಮರದ ಬುಡದಲ್ಲಿ ಹಲಸಿನ ಹಣ್ಣು ಹುಡುಕಿದ ಹಾಗಾಗಿತ್ತು.

ಜೊಹರಕ್ಕನಿಗೆ ಹೇಳಿದೆ. ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಅವಳು ಮೀನು ತೊಳೆಯುತ್ತಿದ್ದಳು.

"ಬೀಳುವುದೇ ಇಲ್ಲವಾ?"

"ಇಲ್ಲವಂತೆ."

"ಹಾಗಾದರೆ ಈ ವಾರ ಎಂತ ಮಾಡುವುದು ಮಾರಾಯ್ತಿ?"

"ಎಂತ ಮಾಡುವುದು, ಮನೆಯಲ್ಲಿ ಕೂರುವುದು."

ಅವಳು ಇನ್ನೊಂದು ಮೀನು ತೊಳೆದಳು. "ಅವು ಬೀಳಿಸದಿದ್ದರೆ ಅದು ಅವುಗಳ ಬುದ್ಧಿ. ನಾವು ಯಾಕೆ ಹುಡುಕುವುದನ್ನು ಬಿಡಬೇಕು? ಏಳು ಗಂಟೆಗೆ ರೆಡಿಯಾಗು."

ಹಾಗಾಗಿ, ಸಿಗುವುದಿಲ್ಲವೆಂದು ಚೆನ್ನಾಗಿ ತಿಳಿದ ಮೇಲೂ ನಾವು ಹೋಗುತ್ತಲೇ ಇದ್ದೆವು. ನಿಜ ಹೇಳಬೇಕೆಂದರೆ ಆಮೇಲೆಯೇ ಹೆಚ್ಚು ಗಮನವಿಟ್ಟು ಹುಡುಕಿದೆವು.

ಚಟ್ನಿ ಡಬ್ಬಿಯ ಭಾನುವಾರ ಮಾತ್ರ ಒಂದು ಕೊಂಬು ಕಂಡಿತು. ನನ್ನ ಸಾಲಿನಲ್ಲಿ, ಮರಳಿನಿಂದ ತುದಿ ಹೊರಗೆ ಚಾಚಿ. ನಾನು ಕೂಗಿದೆ, ಅವಳು ಕುಂಟುತ್ತ ಬಂದಳು. ಕಡ್ಡಿಯಿಂದ ಮರಳು ಸರಿಸಿದರೆ ಕೆಳಗೆ ತಲೆಬುರುಡೆಯೂ ಇತ್ತು. ಯಾವಾಗಲೋ ಸತ್ತ ಪ್ರಾಣಿ. ನಾನು ಹೇಗೂ ಸಿಕ್ಕಿತಲ್ಲ ಅಂದೆ. ಅವಳು ಮುಟ್ಟಲಿಲ್ಲ.

"ಇದು ಬೇಡ. ಬದುಕಿರುವಾಗ ತಾನೇ ಬಿಟ್ಟು ಹೋದದ್ದು ಬೇಕು. ಇದು ಪಾಪ, ಬಿಡಲಿಕ್ಕೆ ಮನಸ್ಸಿಲ್ಲದ್ದು." ಹಾಗೆಂದು ಕಾಲಿನಿಂದಲೇ ಮರಳು ಮುಚ್ಚಿದಳು. ಆಮೇಲೆ ಗಾಫ್ ಮರದ ನೆರಳಲ್ಲಿ ಕುಳಿತು ಅಕ್ಕಿರೊಟ್ಟಿಯಂಥ ಪತ್ತಿರಿಗೆ ಅದೇ ಚಟ್ನಿ ಹಚ್ಚಿ ತಿಂದೆವು. ಎರಡು ಸಲ ಹಾಕಿಸಿಕೊಂಡವಳು ನಾನೇ. ಅದನ್ನು ಅವಳು ದಾರಿಯುದ್ದಕ್ಕೂ ಮೋನಿಚ್ಚನಿಗೆ ಹೇಳಿ ನಗಿಸಿದಳು.

ಅದೇ ವಾರ ಒಂದು ಬೆಳಿಗ್ಗೆ ಚಹಾಕ್ಕೆ ನೀರಿಟ್ಟ ಜೊಹರಕ್ಕ ಒಲೆಯ ಮುಂದೆಯೇ ಕುಸಿದಳು. ಹೃದಯ ಎಂದರು ಆಸ್ಪತ್ರೆಯವರು. ನಾವು ಮೊಣಕಾಲನ್ನೇ ನೋಡುತ್ತ ಕುಳಿತಿದ್ದೆವು. ಇಲ್ಲಿಯ ಮಣ್ಣಿಗೇ ಕೊಟ್ಟರು. ದಫನಕ್ಕೆ ಹೆಂಗಸರು ಹೋಗುವ ರೂಢಿಯಿಲ್ಲ. ನಾನು ಅಡುಗೆಮನೆಯಲ್ಲಿ ನಿಂತು, ಆ ನೀರಿನ ಪಾತ್ರೆಯನ್ನು ತೊಳೆದಿಟ್ಟೆ.

ಬಂದವರೆಲ್ಲ ಒಂದೇ ಮಾತು ಹೇಳಿದರು: ಸ್ವಲ್ಪ ದಿನ ಹೋಗಲಿ, ಸರಿಯಾಗುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಅವರು ಕಡವೆಯ ಲೆಕ್ಕದಲ್ಲಿ ಹೇಳುತ್ತಾರೆ. ಕೆಲವು ಸಂಗತಿಗಳು ಹಾಗೆ ಮತ್ತೆ ಚಿಗುರುತ್ತವೆ, ಸುಳ್ಳಲ್ಲ. ನನಗೆ ಹಸಿವಾಗುತ್ತದೆ, ನಗು ಬರುತ್ತದೆ. ಮೊನ್ನೆ ಒಣ ಸಿಗಡಿ ಹುರಿದೆ. ಖಾರ ಅವಳಷ್ಟೇ ಹಾಕಿದೆ. ಮಿಕ್ಕದ್ದು ಇಲ್ಲಿಯ ಪ್ರಾಣಿಯ ಲೆಕ್ಕ.

ಈಗ ಮೋನಿಚ್ಚ ಕೆಲಸ ಬಿಟ್ಟು ಊರಿಗೆ ಹೋಗುತ್ತಿದ್ದಾರೆ. ವೀಸಾ ಕ್ಯಾನ್ಸಲ್ ಆಗಿದೆ. ಅವರ ರೂಮಿಗೆ ಕುಂದಾಪುರದ ಕಡೆಯವರು ಬರುತ್ತಾರೆ. ಹೋದ ಶನಿವಾರ ಮೋನಿಚ್ಚ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಾಳೆ ಗೇಟಿನ ಕೀಲಿ ಒಪ್ಪಿಸಿ ಬರ್ತೇನೆ. ಆಮೇಲೆ ನಮ್ಮನ್ನು ಯಾರೂ ಒಳಗೆ ಬಿಡುವುದಿಲ್ಲ. ಕಡೆಯ ಸಲ ಬರ್ತೀರಾ?" ಎಂದು ಕೇಳಿದರು. ಬೇಡ ಎನ್ನಬೇಕೆಂದಿದ್ದೆ. ಏಳು ಗಂಟೆಗೆ ರೆಡಿಯಾಗಿದ್ದೆ.

ಮೋನಿಚ್ಚ ಪಿಕಪ್ಪಿನ ಹತ್ತಿರವೇ ಉಳಿದರು. ಮರಗಳು ಸ್ವಲ್ಪ ಎತ್ತರವಾಗಿದ್ದವು. ದೂರದಲ್ಲಿ ನಾಲ್ಕೈದು ಪ್ರಾಣಿಗಳು ಕೊಂಬು ಹೊತ್ತುಕೊಂಡು ನನ್ನನ್ನೇ ನೋಡುತ್ತಿದ್ದವು. ನಾನು ಎಂದಿನಂತೆ ನೆಲ ನೋಡಿಕೊಂಡು ನನ್ನ ಸಾಲಿನ ಕೊನೆಯವರೆಗೂ ಹೋಗಿ ಬಂದೆ. ಪಕ್ಕದ ಸಾಲನ್ನು ಯಾರೂ ನೋಡಲಿಲ್ಲ.