ಬಿಸಿನೀರಣ್ಣನೂ ಬೇಯದ ವೈರಸ್ಸೂ

ಕೋಳಿರೋಗದ ಪ್ರಯೋಗಾಲಯದಲ್ಲಿ ಅವನನ್ನು ಎಲ್ಲರೂ ಬಿಸಿನೀರಣ್ಣ ಎಂದೇ ಕರೆಯುತ್ತಿದ್ದರು. ಕೋಳಿಗಳಿಗೆ ಕೆಮ್ಮು ಹತ್ತಿಸುವ ವೈರಸ್ಸನ್ನು ಗಾಜಿನ ನಳಿಕೆಯಲ್ಲಿಟ್ಟು, ಐವತ್ತಾರು ಡಿಗ್ರಿ ನೀರಿನಲ್ಲಿ ಅದ್ದಿ, ಗಡಿಯಾರ ನೋಡುತ್ತಾ ಕೂರುವುದು ಅವನ ಕೆಲಸ. ಆಮೇಲೆ ಅದನ್ನು ಮರಿಗಟ್ಟಿದ ಮೊಟ್ಟೆಗೆ ಚುಚ್ಚುತ್ತಿದ್ದರು. ಮರಿ ಚೆನ್ನಾಗಿ ಬೆಳೆದರೆ ವೈರಸ್ ಸತ್ತಿದೆ, ಮುರುಟಿದರೆ ಬದುಕಿದೆ. ಹೆಚ್ಚಿನ ತಳಿಗಳು ಕಾಲು ಗಂಟೆಯಲ್ಲೇ ಗೊಟಕ್ ಎನ್ನುತ್ತಿದ್ದವು. ಹೊಸದಾಗಿ ಬಂದ ಒಂದು ತಳಿ ಮಾತ್ರ ಅರ್ಧ ಗಂಟೆ ಬೆಂದರೂ ಜಪ್ಪಯ್ಯ ಅನ್ನಲಿಲ್ಲ.

ಪುಣ್ಯಾತ್ಮನಿಗೆ ಅದೇ ತಲೆಗೆ ಹತ್ತಿತು. ಆ ಮೊಂಡು ತಳಿ ತನ್ನ ಜೊತೆ ಮನೆಗೂ ಬಂದಿದೆಯೆಂದು ನಂಬಿ ಚಪ್ಪಲಿ, ಛತ್ರಿ, ಟಿವಿ ರಿಮೋಟು ಎಲ್ಲವನ್ನೂ ಹಂಡೆಗೆ ಹಾಕಿ ಮುಕ್ಕಾಲು ಗಂಟೆ ಬೇಯಿಸತೊಡಗಿದ. ಹೆಂಡತಿ ಹಲ್ಲು ಕಚ್ಚಿ ಸಹಿಸಿದಳು. ಅವಳ ಉಣ್ಣೆ ಶಾಲೂ ಹಂಡೆಗೆ ಬಿದ್ದು ಕರವಸ್ತ್ರದಷ್ಟಾದ ದಿನ ತವರಿಗೆ ಹೊರಟುಹೋದಳು.

ತವರಿನ ಹಿತ್ತಲ ತುಂಬ ಕೋಳಿಗಳು! ರೋಗ ಹಬ್ಬದಿರಲೆಂದು ಪ್ರಯೋಗಾಲಯದವರು ಕೋಳಿ ಸಾಕಿದ ಮನೆಗೆ ಕಾಲಿಡುವಂತಿಲ್ಲ, ಕೋಳಿ ಮುಟ್ಟಿದವರನ್ನು ಮುಟ್ಟುವಂತೆಯೂ ಇಲ್ಲ. ಅವಳಿಲ್ಲದ ಮನೆಯಲ್ಲಿ ಅವನಿಗೆ ಹಂಡೆ ಕಾಯಿಸಲೂ ಮನಸ್ಸಾಗಲಿಲ್ಲ. ಒಂದು ಭಾನುವಾರ ಹೋಗಿ ಬೀದಿಯ ಆಚೆ ಬದಿ ನಿಂತು ಕೂಗಿದ.

"ತಪ್ಪಾಯ್ತು ಕಣೇ, ಮನೆಗೆ ಬಾ!"

ಅತ್ತೆ ಬಾಗಿಲಿಗೆ ಬಂದರು. "ಬೀದೀಲಿ ನಿಂತು ಯಾಕೆ ಮಾನ ಕಳೀತೀರಾ ಅಳಿಯಂದ್ರೇ? ಒಳಗೆ ಬನ್ನಿ."

"ಬರೋ ಹಾಗಿಲ್ಲ ಅತ್ತೆ. ನಿಮ್ಮ ಕೋಳಿಗಳ ಪ್ರಾಣದ ಪ್ರಶ್ನೆ."

ಅಷ್ಟರಲ್ಲಿ ಹಿತ್ತಲಿಂದ ತಪ್ಪಿಸಿಕೊಂಡ ಹುಂಜವೊಂದು ಬೀದಿ ದಾಟಿ ಅವನತ್ತಲೇ ಬಂತು. ಅವನು ಓಟ ಕಿತ್ತ. ಹುಂಜಕ್ಕೂ ಹುರುಪೇರಿತು. "ದೂರ ಇರಪ್ಪಾ, ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ" ಎಂದು ಕೋಳಿಗೆ ಕೈಮುಗಿಯುತ್ತಾ ಓಡಿದ ಗಂಡಸು, ನಿಂತಿದ್ದ ಲಾರಿಯ ನೆತ್ತಿ ಹತ್ತಿ ಕೂತದ್ದನ್ನು ಬೀದಿಗೆ ಬೀದಿಯೇ ನೋಡಿತು.

ಅತ್ತೆ ಹುಂಜವನ್ನು ಹಿಡಿದು ಕಂಕುಳಲ್ಲಿ ಅವುಚಿಕೊಂಡರು. ಹೆಂಡತಿ ಚೀಲ ಹಿಡಿದು ಲಾರಿಯ ಬಳಿ ಬಂದು, ಇಳಿಸಿಕೊಳ್ಳಲು ಕೈ ಚಾಚಿದಳು. ಅವನಿಗೆ ಅಳುವೇ ಬಂತು.

"ಮುಟ್ಟೋ ಹಾಗಿಲ್ಲ ಕಣೇ. ಕೋಳಿ ಮನೇಲಿ ಇದ್ದವಳು ನೀನು."

"ಇವಳಾ?" ಅತ್ತೆ ರೇಗಿದರು. "ಬಂದಾಗಿಂದ ಒಂದು ಮೊಟ್ಟೆ ಎತ್ತಿಲ್ಲ, ಒಂದು ಕಾಳು ಹಾಕಿಲ್ಲ. ಹಿತ್ತಲಿಗೇ ಇಳಿದಿಲ್ಲ! ಏನು ಮಹಾರಾಣೀನಾ ಅಂತ ದಿನಾ ಬೈತಿದ್ದೆ."

ಹೆಂಡತಿ ಮುಖ ಅತ್ತ ತಿರುಗಿಸಿದಳು. ಚಾಚಿದ ಕೈ ಮಾತ್ರ ಹಿಂದಕ್ಕೆ ತೆಗೆಯಲಿಲ್ಲ.

"ನೀವು ಕರೆಯೋಕೆ ಬಂದಾಗ ಮುಟ್ಟೋ ಹಾಗಿರಬೇಕಲ್ಲ," ಎಂದಳು.