ಸೈಕಲ್ ಇಳಿಯದ ಅಳಿಯ

ನಮ್ಮ ಕಡೆ ಹಿರಿಯರೆದುರು ಸೈಕಲ್ ಮೇಲೆ ಕೂತು ಹೋಗುವಂತಿರಲಿಲ್ಲ. ಇಳಿದು, ತಳ್ಳಿಕೊಂಡು, ಅವರನ್ನು ದಾಟಿದ ಮೇಲೆಯೇ ಹತ್ತಬೇಕು. ಪೂರಿಗಾಲಿ ಶಾಲೆಯಲ್ಲಿ ಮೇಷ್ಟ್ರಾಗಿದ್ದ ನಾನು ಪಕ್ಕದ ಹಳ್ಳಿಯಿಂದ ದಿನಾ ಸೈಕಲ್ಲಿನಲ್ಲಿ ಬರುತ್ತಿದ್ದೆ. ದಾರಿಯಲ್ಲಿ ಜಗುಲಿಯ ಮೇಲೆ ಕೂತಿರುತ್ತಿದ್ದ ಸೋದರಮಾವನ ಮುಂದೆಯೇ ಇಳಿಯದೆ ಹೋಗಿಬಿಡುತ್ತಿದ್ದೆ. ಹೆಣ್ಣು ಕೊಟ್ಟ ಮಾವ ಬೇರೆ! ಅವರು ಮುಖ ತಿರುಗಿಸುತ್ತಿದ್ದರು. ಮೇಷ್ಟ್ರಿಗೆ ಕೊಬ್ಬು ಅಂತ ಊರೆಲ್ಲ ಮಾತಾಡಿಕೊಂಡಿತು.

ಕೊಬ್ಬಲ್ಲ, ಸೊಂಟ. ಎರಡನೇ ಮಹಾಯುದ್ಧದ ಕಾಲ ಅದು, ನನಗೆ ಐವತ್ತು ಸಮೀಪಿಸಿತ್ತು. ನೆಟ್ಟಗೆ ನಿಂತು ನಾಲ್ಕು ಹೆಜ್ಜೆ ಹಾಕಿದರೆ ಸೊಂಟದಿಂದ ಹಿಮ್ಮಡಿಯವರೆಗೆ ಉರಿ ಇಳಿದು ಕಾಲು ಜೋಮು ಹಿಡಿಯುತ್ತಿತ್ತು. ಕುಕ್ಕರಗಾಲಲ್ಲಿ ಕೂತರೆ ಸರಿಹೋಗುತ್ತಿತ್ತು. ಸೈಕಲ್ ಮೇಲೆ ಬಗ್ಗಿ ಕೂತು ತುಳಿದರಂತೂ ನೋವೇ ಇಲ್ಲ. ಮಾವನಿಗೆ ಇದನ್ನು ಹೇಳಿಯೂ ನೋಡಿದೆ.

“ನಡಿಯಕ್ಕಾಗ್ದವ್ನು ಸೈಕಲ್ ಎಂಗ್ಲಾ ತುಳೀತೀಯ? ಯಾರ್ ಕಿವಿಗ್ ಊವ ಮಡುಗ್ತೀಯ?” ಎಂದರು.

ಉತ್ತರ ನನಗೂ ಗೊತ್ತಿರಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಒಂದು ಬೆಳಿಗ್ಗೆ ಹಟಕ್ಕೆ ಬಿದ್ದು ಅವರ ಮನೆ ಮುಂದೆ ಇಳಿದೇಬಿಟ್ಟೆ. ಜಗುಲಿ ದಾಟುವಷ್ಟರಲ್ಲಿ ಕಾಲು ಸೋತು, ಸೈಕಲ್ ಸಮೇತ ಚರಂಡಿಗೆ ಬಿದ್ದೆ.

“ಬೆಳ್‌ಬೆಳಿಗ್ಗೇನೇ ಕುಡ್ದಿದ್ದೀಯೇನ್ಲಾ?” ಎಂದು ಬೈಯುತ್ತಲೇ ಎತ್ತಲು ಬಂದ ಮಾವ ನನ್ನ ಪಾದ ಹಿಡಿದು ತಿರುಗಿಸಿ ನೋಡಿದರು. ಅಂಗಾಲಿನಲ್ಲಿ ಜಾಲಿಮುಳ್ಳು ಮುರಿದು ಕೂತು ಕೀವಾಗಿತ್ತು. ಚುಚ್ಚಿದ್ದು ಯಾವಾಗ ಅಂತ ಕೇಳಿದರು. ಚುಚ್ಚಿದ್ದೇ ನನಗೆ ಗೊತ್ತಿರಲಿಲ್ಲ. ಮಾವ ಬೀದಿಯಲ್ಲೇ ಕೂತು, ನನ್ನ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಮುಳ್ಳು ಕಿತ್ತರು. ಮಾರನೆಯ ದಿನವೇ ಮಂಡ್ಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

ಡಾಕ್ಟರು ಮೊದಲು ಕೇಳಿದ್ದೇ, “ಬಗ್ಗಿದರೆ ಹಾಯೆನಿಸುತ್ತದೆಯೇ?” ಎಂದು. ಬೆನ್ನುಮೂಳೆ ಸವೆದು ಒಳಗೆ ನರ ಹಾಯುವ ದಾರಿ ಇಕ್ಕಟ್ಟಾಗಿದೆ, ಬಗ್ಗಿದಾಗ ಅದು ತುಸು ಅಗಲವಾಗುತ್ತದೆ, ಸೈಕಲ್ಲಿನ ಸುಖ ಅದೇ ಎಂದರು. ಮಾವ ತಲೆ ತಗ್ಗಿಸಿದರು. ಬೆಂಗಳೂರಿನಲ್ಲಿ ಮೂಳೆ ಕತ್ತರಿಸಿ ನರ ಬಿಡಿಸುವ ಸರ್ಜನ್ ಒಬ್ಬರಿದ್ದರು. ಗೆದ್ದರೆ ನಡಿಗೆ, ಸೋತರೆ ಹಾಸಿಗೆ. ಸುಮ್ಮನಿದ್ದರೂ ಕಾಲು ಹೋಗುವುದು ಖಂಡಿತ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು.

ಬೆನ್ನಿಗೆ ಕತ್ತಿಯೇ ಎಂದು ನನ್ನ ಹೆಂಡತಿ ಅತ್ತಳು. ಕಾಯಿಸಿದ ಕುಡುಗೋಲಿನಲ್ಲಿ ಬರೆ ಹಾಕಿಸಿ ಎಂದರು ನೆಂಟರು.

“ಬರೆ ಆಕಕ್ಕೆ ಅವ್ನೇನ್ ಎತ್ತಾ?” ಎಂದು ಮಾವ ಅವರ ಬಾಯಿ ಮುಚ್ಚಿಸಿ, ನನ್ನನ್ನು ಮದ್ದೂರಿನಲ್ಲಿ ರೈಲು ಹತ್ತಿಸಿದರು. ತಾವೂ ಹತ್ತಿದರು.

ಆಪರೇಷನ್ನಿನದು ನನಗೆ ನೆನಪಿರುವುದು ಮತ್ತು ಬರಿಸುವ ಈಥರಿನ ವಾಸನೆ ಮಾತ್ರ. ಎಚ್ಚರವಾದಾಗ ಬೆನ್ನು ಉರಿಯುತ್ತಿತ್ತು. ಕಾಲಿಗೆ ಜೀವವಿದೆಯೋ ಇಲ್ಲವೋ ಎಂದು ಹೆದರಿದ್ದೆ. ಮಾವ ಹೊದಿಕೆ ಸರಿಸಿ ನನ್ನ ಹೆಬ್ಬೆರಳನ್ನು ಬಲವಾಗಿ ಚಿವುಟಿದರು. ನಾನು ಕಿರುಚಿಕೊಂಡೆ. ನರ್ಸಮ್ಮ ಓಡಿಬಂದು ಬೈದರೆ ಮಾವ ನಗುತ್ತಲೇ ಬೈಸಿಕೊಂಡರು. ಅಷ್ಟು ಸಂತೋಷ ಕೊಟ್ಟ ನೋವು ಇನ್ನೊಂದಿಲ್ಲ. ಆ ಸರ್ಜನರನ್ನೂ ಮಂಡ್ಯದ ಡಾಕ್ಟರನ್ನೂ ನೆನೆದು ಇವತ್ತಿಗೂ ಕೈಮುಗಿಯುತ್ತೇನೆ.

ಮನೆಗೆ ಬಂದ ಮೇಲೂ ತಿಂಗಳುಗಟ್ಟಲೆ ಹಾಸಿಗೆ, ಆಮೇಲೆ ಗೋಡೆ ಹಿಡಿದು ನಡಿಗೆ. ಕೊನೆಗೆ ಶಾಲೆಗೆ ಹೊರಟ ಬೆಳಿಗ್ಗೆ, ಮಾವನ ಬೀದಿಯ ಮೊದಲಿಗಿದ್ದ ಹುಣಸೆಮರದ ಹತ್ತಿರವೇ ಸೈಕಲ್ ಇಳಿದೆ. ಸೈಕಲ್ಲಿಗೆ ಆತುಕೊಂಡು ನಡೆದೆ ಎಂದು ಯಾರೂ ಅನ್ನಬಾರದು. ಅದನ್ನು ಮರಕ್ಕೆ ಒರಗಿಸಿಟ್ಟು, ಬರಿಗೈಯಲ್ಲಿ, ನೆಟ್ಟಗೆ, ಜಗುಲಿಯ ತನಕ ನಡೆದು ಹೋಗಿ ನಿಂತೆ.

ಮಾವ ಹಿಂದಿನಂತೆಯೇ ಮುಖ ತಿರುಗಿಸಿದರು. ಟವೆಲ್ಲಿನಿಂದ ಕಣ್ಣೊರೆಸಿಕೊಂಡು ಈ ಕಡೆ ನೋಡಿದರು.

“ಸೈಕಲ್ ಯಾಕ್ಲಾ ಅಲ್ ಬುಟ್ಬುಟ್ ಬಂದೆ? ಓಗು, ತಕಂಡ್ ಬಾ.”

ಹೋದೆ, ತಂದೆ. ನಾನು ನಡೆಯುವುದನ್ನು ಅವರಿಗೆ ಇನ್ನೊಂದು ಸಲ ನೋಡಬೇಕಿತ್ತು.